ಒಪ್ಪಿಗೆ ಪತ್ರದ ಏಳನೇ ಪುಟ

ಪಾಷಾಣ್ ಗುಡ್ಡದ ಕೆಳಗಿನ ಈ ಲ್ಯಾಬಿನಲ್ಲಿ
ಕನ್ನಡ ಬರುವವಳು ನಾನೊಬ್ಬಳೇ ಎಂದು
ರಾತ್ರಿ ಹತ್ತಕ್ಕೆ ವಾರ್ಡಿನಿಂದ ಫೋನು.
ಗ್ಲೌಸು ಕಳಚಿ, ಸ್ಪೀಕರಿಗೆ ಹಾಕಿ,
ಹದಿಮೂರು ಪುಟದ ಒಪ್ಪಿಗೆ ಪತ್ರವನ್ನು
ಮರಾಠಿಯಿಂದ ಬಾಯಲ್ಲೇ ಬಿಡಿಸುತ್ತ ಕೂತೆ
ಮುಖ ಕಾಣದ ಬೌರವ್ವನಿಗೆ.
ಇಂಡಿ ತಾಲೂಕಿನವಳು. ಹಿಂಜೇವಾಡಿಯಲ್ಲಿ
ಇಪ್ಪತ್ತೆರಡನೇ ಅಂತಸ್ತಿಗೆ ಗಾರೆ ಹೊತ್ತವಳು.

ಆರು ಪುಟ ಹೇಗೋ ದಾಟಿದವು.
ಏಳನೆಯದರಲ್ಲಿ ಒಂದು ಮಾತು ಅಡ್ಡ ಮಲಗಿತ್ತು.
ಮೈಯ ಹುಟ್ಟುಕಾವಲಿಗೆ ಮರಾಠಿಯಲ್ಲಿ ಪ್ರತಿಕಾರ ಎನ್ನುತ್ತಾರೆ;
ನಮ್ಮಲ್ಲಿ ಆ ಪದಕ್ಕೆ ಸೇಡು ಎಂದರ್ಥ.
ಹುಟ್ಟಿನಿಂದ ಬಂದ ಸೇಡು ಎನ್ನಲೇ
ಜ್ವರದಲ್ಲಿ ನಡುಗುವ ಹೆಂಗಸಿಗೆ?

'ಬೇರೆ ಕಡೆ ಪಳಗಿಸಿದ ಕಾವಲುಗಾರರನ್ನು
ನಿನ್ನ ರಕ್ತಕ್ಕೆ ಬಿಡಬಹುದು' ಎಂದೆ. 'ಆಮೇಲೆ
ನಿನ್ನವೇ ಹಳೆಯ ಬಿಳಿಕಣಗಳು
ಏನು ಮಾಡುತ್ತವೆ, ನೋಡುತ್ತಾರೆ.'

ಆಕ್ಸಿಜನ್ನಿನ ಗುಳುಗುಳು. ಸ್ವಲ್ಪ ಹೊತ್ತಿಗೆ ಅವಳು:
'ಹೊರಗಿನವ ಬಂದ್ರ ಮನೀ ನಾಯಿ ಬೊಗಳೂದಿಲ್ಲೇನವಾ?'
'ಬೊಗಳಬಹುದು.'
'ಹಂಗಾರ ಒತ್ತತೀನಿ ಹೆಬ್ಬಟ್ಟ.
ನಾಯಿ ಸತ್ತಿಲ್ಲಂತ ಅಷ್ಟಾರ ಗೊತ್ತಾಗತದಲ್ಲ.'

*

ಆಮೇಲೆ ಅವಳು ನಲವತ್ತೊಂದು.
ಸಿಸ್ಟರು ಬಾಯಿತಪ್ಪಿ ಹೇಳಿದ್ದು, ನಾನು ಮರೆಯಬೇಕಿತ್ತು.
ಸ್ಕೂಟರಿನ ಮೇಲೆ ಐಸಿನ ಡಬ್ಬಿ ಕಟ್ಟಿಕೊಂಡು
ಸಮಾಧಾನ ವಾಘಮೋಡೆ ತರುತ್ತಿದ್ದ
(ಹುಡುಗನ ಹೆಸರೇ ಹಾಗೆ)
ಸೊನ್ನೆಯ ದಿನ, ಒಂದನೆಯದು, ಮೂರು, ಏಳು.
ಆ ಸಲ ಗಣಪತಿ ಮುಳುಗಿದ್ದು ಬಕೆಟ್ಟಿನಲ್ಲಿ, ಢೋಲಿಲ್ಲದೆ.
ಇಡೀ ಪುಣೆಯಲ್ಲಿ ತಿರುಗುತ್ತಿರುವುದು
ನನ್ನ ಸೆಂಟ್ರಿಫ್ಯೂಜ್ ಒಂದೇ ಅನಿಸುತ್ತಿತ್ತು.

ಕವಲುಗೋಲಿನಂಥ ಆಕಾರ ಆ್ಯಂಟಿಬಾಡಿಗೆ.
ಎರಡು ಕವಲು ವೈರಾಣುವನ್ನು ಅದುಮಿ ಹಿಡಿಯುತ್ತವೆ,
ಬಾಲ ಮಾತ್ರ ಸುಮ್ಮನೆ ಹೊರಗೆ ಚಾಚಿರುತ್ತದೆ.
ಆ ಬಾಲ ಮೂಸಿಯೇ ನಮ್ಮ ನಾಯಿಗಳಿಗೆ ತಿಳಿಯಬೇಕು
ಯಾರನ್ನು ಕಚ್ಚುವುದು, ಎಷ್ಟು.
ಎಷ್ಟು ಎಂಬಲ್ಲೇ ಎಷ್ಟೋ ಜನ ಹೋದರು.
ನಾಯಿ ಓಣಿಯನ್ನೆಲ್ಲ ಎಬ್ಬಿಸಿತು,
ಕಳ್ಳ ಹೋದ ಮೇಲೂ ಬೊಗಳಿತು,
ಮನೆಯವರನ್ನೇ ಹರಿಯಿತು.

ನಲವತ್ತೊಂದರ ಮೊದಲ ದಿನ:
ಡ್ರಿಪ್ಪು ಏರಿಸಿದ ಗಂಟೆಗೆ ಚಳಿ, ಸಿಸ್ಟರ ಟಿಪ್ಪಣಿ.
ಇಂಟರ್‌ಫೆರಾನಿನ ಗೆರೆ ಸೆಟೆದು ನಿಂತಿತ್ತು.
ಮೂರಕ್ಕೆ, ಮಾನೋಸೈಟುಗಳು ಪರದೆಯ ಮೇಲೆ
ಗಾಳಿಗೆ ತೂರಿದ ಜೋಳದ ಹಾಗೆ ಬಲಕ್ಕೆ ಸರಿದಿದ್ದವು.
ಏಳಕ್ಕೆ ಎಲ್ಲ ತಣ್ಣಗೆ.
ಬಂದವರನ್ನು ಒಪ್ಪಿಕೊಂಡವು ನೋಡು, ಎಂದು ನನಗೆ ನಾನೇ ಹೇಳಿಕೊಂಡು
ಎರಡು ಚಮಚ ಸಕ್ಕರೆ ಹಾಕಿ ಚಹಾ ಕುಡಿದೆ.

*

ಮಾರ್ಚಿನಲ್ಲಿ ಗುಟ್ಟಿನ ಲಕೋಟೆ ಒಡೆದರು.
ನಲವತ್ತೊಂದು: ಉಪ್ಪುನೀರು.

ಯಾರೂ ಬಂದಿರಲಿಲ್ಲ ಆ ಮನೆಗೆ.
ನಾಯಿ ತನ್ನಷ್ಟಕ್ಕೆ ಎದ್ದಿತ್ತು, ತನ್ನಷ್ಟಕ್ಕೆ ಮಲಗಿತ್ತು.
ಔಷಧಿಯೇ ಸಿಕ್ಕ ಮೂವತ್ತೆಂಟರ ಗೆರೆಯೂ
ಹೀಗೇ ಎದ್ದಿತ್ತು; ಅದು ಇಳಿಯಲಿಲ್ಲ.
'ಒಬ್ಬಿಬ್ಬರಿಂದ ಏನೂ ಹೇಳಲಾಗದು' ಎಂದರು
ಲೆಕ್ಕದ ಮೇಡಂ. ಸರಿಯಾಗೇ ಅಂದರು.

ಫೋನಿಗೆ ಸಿಕ್ಕಳು ಬೌರವ್ವ.
ಹಿಂದೆ ಕಾಂಕ್ರೀಟು ಕಲಸುವ ಯಂತ್ರ.
ನಿನಗೆ ಹಾಕಿದ್ದು ಬರೀ ನೀರು, ಎನ್ನಲು ಬಾಯಿ ತೆರೆದೆ,
ಅಷ್ಟರಲ್ಲಿ ಅವಳೇ:
'ಕಾವಲಿಗೆ ಬಂದಿದ್ರಲ್ಲವಾ, ಅವರೀಗ ಎಲ್ಲಿ ಅದಾರು?
ಹೋಗೂಮುಂದ ಒಂದ ಮಾತ ಹೇಳಲಿಲ್ಲ ನೋಡ.'

ಯಂತ್ರ ತಿರುಗುತ್ತಲೇ ಇತ್ತು.
'ಗಾರಿ ಗಟ್ಟ್ಯಾಗತದವಾ, ಇಡತೀನಿ.'